ಲಿವರ್ ಸಿರೋಸಿಸ್‌ನಲ್ಲಿ ಎದೆಗೆ ನೀರು: ಪೈಪ್ ಹಾಕಿಸೋ ಮುಂಚೆ ಓದಿ

ತುಂಗಾದಂಡೆ:
ಸಿರೋಸಿಸ್, ಅಂದ್ರೆ ಲಿವರ್ ಗಟ್ಟಿಯಾಗೋ ಕಾಯಿಲೆ, ಇದ್ದವರಿಗೆ ಬಲಗಡೆ ಎದೆಯಲ್ಲಿ ನೀರು ತುಂಬಿದೆ, ಎಕ್ಸ್‌ರೇಲಿ ಅರ್ಧ ಬೆಳ್ಳಗೆ ಕಾಣ್ತಿದೆ, ಎಂತ ಮಾಡೋದು ಅನ್ನೋ ಪ್ರಶ್ನೆ ಈ ಗುಂಪಲ್ಲಿ ಮತ್ತೆ ಮತ್ತೆ ಬರ್ತಿದೆ. ಉತ್ತರ ಅಲ್ಲೊಂದು ಇಲ್ಲೊಂದು ಚದುರೋದು ಬೇಡ, ಎಲ್ಲ ಒಂದೇ ಕಡೆ ಇರಲಿ. ಔಷಧಿ ಪ್ರಮಾಣ ಬರೆಯೋದು ಲೆಕ್ಕ ಅರ್ಥ ಆಗಲಿ ಅಂತ. ಅದನ್ನ ನೋಡಿ ಮನೇಲಿ ಮಾತ್ರೆ ಏರಿಸೋದು ಇಳಿಸೋದು ಮಾಡಬೇಡಿ.

ಇದಕ್ಕೆ ಹೆಪಾಟಿಕ್ ಹೈಡ್ರೊಥೊರಾಕ್ಸ್ ಅಂತಾರೆ. ಸಿರೋಸಿಸ್ ಇರೋರಲ್ಲಿ ನೂರಕ್ಕೆ ಐದರಿಂದ ಹತ್ತು ಜನಕ್ಕೆ ಬರುತ್ತೆ. ಆ ನೀರು ಎದೆಯಲ್ಲಿ ಹುಟ್ಟಿದ್ದಲ್ಲ, ಹೊಟ್ಟೆಯಿಂದ ಮೇಲಕ್ಕೆ ಹೋಗಿದ್ದು. ಲಿವರ್ ಗಟ್ಟಿಯಾದಾಗ ಅದಕ್ಕೆ ಬರೋ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರುತ್ತೆ, ಕಿಡ್ನಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತೆ, ಹೊಟ್ಟೆಯೊಳಗೆ ನೀರು ಒಸರುತ್ತೆ. ಹೊಟ್ಟೆಗೂ ಎದೆಗೂ ನಡುವೆ ಇರೋ ವಪೆಯ ಬಲಭಾಗದಲ್ಲಿ, ಅದರ ತೆಳು ಪೊರೆಯಂಥ ಜಾಗದಲ್ಲಿ, ಸಣ್ಣ ಸಣ್ಣ ತೂತುಗಳಿರುತ್ತವೆ. ಸಾಮಾನ್ಯವಾಗಿ ಒಂದು ಸೆಂಟಿಮೀಟರ್‌ಗಿಂತ ಚಿಕ್ಕವು. ಉಸಿರು ಎಳೆದಾಗ ಎದೆಯೊಳಗಿನ ಒತ್ತಡ ಹೊಟ್ಟೆಗಿಂತ ಕಡಿಮೆ ಆಗುತ್ತಲ್ಲ, ಆಗ ನೀರು ಮೇಲಕ್ಕೆ ಎಳೆದುಕೊಳ್ಳುತ್ತೆ. ಹೆಚ್ಚಿನವರಿಗೆ, ಸುಮಾರು 85% ಜನಕ್ಕೆ, ಬಲಗಡೆಯೇ ಬರೋದು ಇದಕ್ಕೇ.

ಹೊಟ್ಟೆ ಐದಾರು ಲೀಟರ್ ನೀರನ್ನ ಹೇಗೋ ತಡಕೊಳ್ಳುತ್ತೆ. ಎದೆಗೆ ಆ ತಾಳ್ಮೆ ಇಲ್ಲ, ಒಂದೆರಡು ಲೀಟರ್ ಆದ್ರೆ ಸಾಕು, ಮೆಟ್ಟಿಲು ಹತ್ತೋಕೂ ಏದುಸಿರು.

ಭದ್ರಾಚಾನೆಲ್:
ಸರ್, ಎರಡು ಅನುಮಾನ. ಸ್ಕ್ಯಾನಿಂಗಲ್ಲಿ ಹೊಟ್ಟೆಯಲ್ಲಿ ನೀರೇ ಇಲ್ಲ ಅಂತ ಬಂದ್ರೂ ಎದೆಗೆ ಲಿವರ್‌ನಿಂದಲೇ ಬಂತು ಅನ್ನಬಹುದಾ? ಇನ್ನೊಂದು, ಎದೆಯಲ್ಲಿ ನೀರು ಅಂದ ತಕ್ಷಣ ನಮ್ಮಲ್ಲಿ ಟಿಬಿ ಅಂತಾರೆ. ಟಿಬಿ ಮಾತ್ರೆ ಶುರು ಮಾಡಿ ನೋಡೋದ್ರಲ್ಲಿ ತಪ್ಪೇನಿದೆ?

ತುಂಗಾದಂಡೆ:
ಮೊದಲನೇದು: ಹೌದು, ಅನ್ನಬಹುದು. ಕೆಲವರಲ್ಲಿ ಹೊಟ್ಟೆಯಲ್ಲಿ ಒಸರಿದ ನೀರೆಲ್ಲ ಒಸರಿದ ಹಾಗೇ ಮೇಲಕ್ಕೆ ಹೋಗ್ತಿರುತ್ತೆ, ಕೆಳಗೆ ನಿಲ್ಲೋದೇ ಇಲ್ಲ. ಹೊಟ್ಟೆ ಚಪ್ಪಟೆ ಇದೆ ಅಂತ ಲಿವರನ್ನ ಪಟ್ಟಿಯಿಂದ ತೆಗೆಯೋಕೆ ಆಗಲ್ಲ. ಅನುಮಾನ ಉಳಿದ್ರೆ ದೊಡ್ಡ ಆಸ್ಪತ್ರೆಗಳಲ್ಲಿ ಹೊಟ್ಟೆಯೊಳಗೆ ಟೆಕ್ನೀಶಿಯಂ ಅನ್ನೋ ವಿಕಿರಣ ಗುರುತಿನ ದ್ರವ ಬಿಟ್ಟು, ಅದು ಎದೆಯಲ್ಲಿ ಕಾಣಿಸಿಕೊಳ್ಳುತ್ತಾ ಅಂತ ಕ್ಯಾಮೆರಾದಲ್ಲಿ ನೋಡ್ತಾರೆ.

ಎರಡನೇದು ಅಪಾಯದ ಮಾತು. ಟಿಬಿಯ ನಾಲ್ಕು ಮಾತ್ರೆಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಈ ಮೂರೂ ಲಿವರಿಗೆ ಏಟು ಕೊಡೋವೇ. ಗಟ್ಟಿ ಲಿವರ್ ಇರೋರಿಗೆ ಹಂಗೆ ಆಧಾರ ಇಲ್ಲದೆ ಶುರು ಮಾಡಿದ್ರೆ ಇದ್ದ ಲಿವರೂ ಕೈಕೊಡಬಹುದು. ನಿಜವಾಗ್ಲೂ ಟಿಬಿ ಇದ್ರೆ ಅದಕ್ಕೆ ಬೇರೆ ಹೊಂದಾಣಿಕೆಯ ಔಷಧಿಗಳಿವೆ. ಆದ್ರೆ ಮೊದಲು ನೀರು ತೆಗೆದು ನೋಡಬೇಕು. ಎಕ್ಸ್‌ರೇ ನೋಡಿ ಟಿಬಿ ಅನ್ನೋದಲ್ಲ, ಲಿವರ್ ಅನ್ನೋದೂ ಅಲ್ಲ.

ಲ್ಯಾಬ್_ಕಿಟಕಿ:
ನೀರಿನ ವರದಿ ಓದೋದು ಹೇಗೆ ಅಂತ ಒಂದು ಮಾದರಿ ಲೆಕ್ಕ ಹಾಕ್ತೀನಿ. ಅದೇ ದಿನದ ರಕ್ತದ ವರದಿ ಪಕ್ಕದಲ್ಲಿ ಇಲ್ಲದಿದ್ರೆ ನೀರಿನ ವರದಿಗೆ ಅರ್ಧ ಬೆಲೆ.

ರಕ್ತದಲ್ಲಿ ಪ್ರೋಟೀನ್ 6.2, ನೀರಿನಲ್ಲಿ 1.6 ಅಂದುಕೊಳ್ಳಿ. ಭಾಗಿಸಿದ್ರೆ 0.26. ಇದು 0.5ಕ್ಕಿಂತ ಕಡಿಮೆ. ಎಲ್‌ಡಿಎಚ್ ಅನ್ನೋ ಕಿಣ್ವ ರಕ್ತದಲ್ಲಿ 240, ನೀರಿನಲ್ಲಿ 92, ಭಾಗಿಸಿದ್ರೆ 0.38. ಇದು 0.6ಕ್ಕಿಂತ ಕಡಿಮೆ. ಅಂದ್ರೆ ನೀರು ತೆಳು, ಒತ್ತಡದಿಂದ ಒಸರಿದ್ದು, ಉರಿಯೂತದ್ದಲ್ಲ. ಇನ್ನು ರಕ್ತದ ಅಲ್ಬುಮಿನ್ (ಲಿವರ್ ತಯಾರಿಸೋ ಮುಖ್ಯ ಪ್ರೋಟೀನ್) 2.6, ನೀರಿನದ್ದು 0.9. ಇಲ್ಲಿ ಭಾಗಿಸೋದಲ್ಲ, ಕಳೆಯೋದು: 1.7. ವ್ಯತ್ಯಾಸ 1.1ಕ್ಕಿಂತ ಹೆಚ್ಚಿದ್ರೆ ಲಿವರ್ ಕಡೆ ಬೆರಳು ತೋರಿಸುತ್ತೆ. ಟಿಬಿ ನೀರಿನಲ್ಲಿ ಪ್ರೋಟೀನ್ ಜಾಸ್ತಿ, ಲಿಂಫೋಸೈಟ್ ಕಣಗಳೇ ಹೆಚ್ಚು, ಎಡಿಎ ಅನ್ನೋ ಕಿಣ್ವ ಸಾಮಾನ್ಯವಾಗಿ 40ರ ಮೇಲೆ. ಲಿವರಿನ ನೀರಿನಲ್ಲಿ ಎಡಿಎ ಕೆಳಗಿರುತ್ತೆ.

ಒಂದು ಗುಂಡಿ ಇದೆ, ಸುಮಾರು ಜನ ಬೀಳ್ತಾರೆ. ನೀರಿನ ಮಾತ್ರೆ (ಮೂತ್ರ ಹೆಚ್ಚಿಸಿ ನೀರಿಳಿಸೋದು) ಕೆಲವು ವಾರ ತಗೊಂಡವರಲ್ಲಿ ಎದೆಯ ನೀರು ಮಂದ ಆಗಿ ಪ್ರೋಟೀನ್ ಏರಿರುತ್ತೆ. ಬರೀ ಭಾಗಾಕಾರ ನೋಡಿದ್ರೆ ಉರಿಯೂತದ ನೀರಿನ ಹಾಗೇ ಕಾಣುತ್ತೆ. ಅಂಥ ಕಡೆ ಅಲ್ಬುಮಿನ್ ವ್ಯತ್ಯಾಸವೇ ಕೈಹಿಡಿಯೋದು.

ಇನ್ನೊಂದು, ಮಾದರಿ ಕಳಿಸೋರಿಗೆ. ಕಣಗಳ ಎಣಿಕೆಗೆ ಇಡಿಟಿಎ ಟ್ಯೂಬ್, ನೇರಳೆ ಮುಚ್ಚಳದ್ದು. ಖಾಲಿ ಟ್ಯೂಬಲ್ಲಿ ಕಳಿಸಿದ್ರೆ ಹೆಪ್ಪುಗಟ್ಟಿ ಕಣಗಳೆಲ್ಲ ಹೆಪ್ಪಲ್ಲೇ ಸಿಕ್ಕಿಬಿಡ್ತವೆ, ನಾವು ಎಣಿಸೋ ಸಂಖ್ಯೆ ಸುಳ್ಳು. ಮಧ್ಯಾಹ್ನ ತೆಗೆದ ನೀರನ್ನ ಸಂಜೆ ತಂದುಕೊಟ್ರೂ ಅದೇ ಕಥೆ, ಅಷ್ಟೊತ್ತಿಗೆ ಕಣಗಳು ಒಡೆದಿರ್ತವೆ. ಕಲ್ಚರ್‌ಗೆ, ಅಂದ್ರೆ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆಗೆ, ರಕ್ತದ ಕಲ್ಚರ್ ಬಾಟಲಿಗೇ ಹಾಸಿಗೆ ಪಕ್ಕದಲ್ಲಿ ತಲಾ 10 ಮಿ.ಲೀ. ಹಾಕಿ. ಟ್ಯೂಬಲ್ಲಿ ತಂದು ಲ್ಯಾಬಲ್ಲಿ ಬಿತ್ತಿದ್ರೆ ಇದ್ದ ಬ್ಯಾಕ್ಟೀರಿಯಾನೂ ಸಿಗದೇ ಹೋಗುತ್ತೆ.

ಕೆರೆಏರಿ:
ಎಡಗಡೆ ಮಾತ್ರ ನೀರಿದ್ರೆ?

ತುಂಗಾದಂಡೆ:
ಲಿವರಿಂದಲೂ ಬರಬಹುದು, ಅಪರೂಪ. ಎಡಗಡೆ ಮಾತ್ರ ಇದ್ರೆ, ಜ್ವರ ಇದ್ರೆ, ಎದೆ ಚುಚ್ಚಿದಂಗೆ ನೋವಿದ್ರೆ ಟಿಬಿ, ನ್ಯುಮೋನಿಯಾ, ಕ್ಯಾನ್ಸರ್ ಎಲ್ಲ ಹುಡುಕಲೇಬೇಕು. ಕುಡಿತದ ಹಿನ್ನೆಲೆ ಇದ್ರೆ ಮೇದೋಜೀರಕ ಗ್ರಂಥಿಯಿಂದ ಸೋರಿರಬಹುದು, ಆ ನೀರಲ್ಲಿ ಅಮೈಲೇಸ್ ಏರಿರುತ್ತೆ. ಹೃದಯದ ಎಕೋ ಎಲ್ಲರಿಗೂ ಬೇಕು. ಹಾರ್ಟ್ ಫೇಲ್ಯೂರಿನ ನೀರೂ ತೆಳುವೇ.

ವಾರ್ಡ್_4:
ನೀರು ತೆಗೆಯೋದ್ರ ಬಗ್ಗೆ ಮನೆಯವರಿಗೆ ಹೆದರಿಕೆ ಜಾಸ್ತಿ, ಅದಕ್ಕೆ ಬರೀತೀನಿ.

ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಕೂರಿಸ್ತಾರೆ, ಮುಂದೆ ಮೇಜಿನ ಮೇಲೆ ದಿಂಬು, ಅದರ ಮೇಲೆ ಎರಡೂ ಕೈ. ಸ್ಕ್ಯಾನಿಂಗ್ ಮಾಡಿ ಬೆನ್ನ ಮೇಲೆ ಗುರುತು ಹಾಕ್ತಾರೆ. ಗುರುತು ಹಾಕಿದ ಮೇಲೆ ಭಂಗಿ ಬದಲಿಸಿದ್ರೆ ಗುರುತು ವ್ಯರ್ಥ, ನೀರು ಜಾಗ ಬದಲಿಸಿರುತ್ತೆ. ಲಿಗ್ನೋಕೇನ್ ಚುಚ್ಚಿ ಮರಗಟ್ಟಿಸಿ, ಪಕ್ಕೆಲುಬಿನ ಮೇಲಂಚಿಗೆ ತಾಗಿದಂತೆ ಸೂಜಿ ಹಾಕ್ತಾರೆ. ಕೆಳಅಂಚಲ್ಲಿ ರಕ್ತನಾಳ, ನರ ಹಾದುಹೋಗಿರ್ತವೆ, ಅಲ್ಲಿಗೆ ಹೋಗಬಾರದು.

ಒಂದು ಸಲಕ್ಕೆ ಒಂದೂವರೆ ಲೀಟರ್, ತುಂಬ ಅಂದ್ರೆ ಎರಡು. ಮೂರು ಲೀಟರಿದೆ, ಪೂರ್ತಿ ತೆಗೆದುಬಿಡಿ ಅಂತ ಒತ್ತಾಯ ಮಾಡೋರಿದಾರೆ. ಮುದುಡಿದ್ದ ಶ್ವಾಸಕೋಶ ಒಮ್ಮೆಲೇ ಅರಳಿದ್ರೆ ಅದರೊಳಗೇ ನೀರು ಒಸರುತ್ತೆ, ಬಂದಿದ್ದಕ್ಕಿಂತ ಕಷ್ಟ ಆಗುತ್ತೆ. ತೆಗೀತಿರುವಾಗ ಬಿಡದೆ ಕೆಮ್ಮು ಬಂದ್ರೆ, ಎದೆ ಬಿಗಿದ ಹಾಗಾದ್ರೆ ತಕ್ಷಣ ಹೇಳಬೇಕು. ಅಲ್ಲಿಗೆ ನಿಲ್ಲಿಸ್ತಾರೆ, ಎಷ್ಟೇ ಬಂದಿರಲಿ.

ಐಎನ್‌ಆರ್ (ರಕ್ತ ಹೆಪ್ಪುಗಟ್ಟೋ ವೇಗದ ಅಳತೆ) 1.8 ಇದೆ, ಪ್ಲೇಟ್‌ಲೆಟ್ 60 ಸಾವಿರ ಇದೆ, ಪ್ಲಾಸ್ಮಾ ಕೊಡಿ ಅಂತಾನೂ ಕೇಳ್ತಾರೆ. ಸಿರೋಸಿಸ್‌ನಲ್ಲಿ ಆ ಸಂಖ್ಯೆಗಳು ರಕ್ತಸ್ರಾವವನ್ನ ಸರಿಯಾಗಿ ಹೇಳಲ್ಲ, ಸ್ಕ್ಯಾನಿಂಗ್ ನೋಡಿಕೊಂಡು ಸೂಜಿಯಿಂದ ನೀರು ತೆಗೆಯೋ ಟ್ಯಾಪಿಂಗ್‌ಗೆ ಎಲ್ಲರಿಗೂ ಪ್ಲಾಸ್ಮಾ ಏರಿಸೋ ರೂಢಿ ಬೇಡ ಅನ್ನೋದೇ ಈಗಿನ ಪದ್ಧತಿ.

ಹೊಟ್ಟೇಲೂ ನೀರು ಬಿಗಿದಿದ್ರೆ ಮೊದಲು ಹೊಟ್ಟೆಯದ್ದು ತೆಗೆಯೋದು ಲೇಸು. ಐದು ಲೀಟರ್ ಮೀರಿದ್ರೆ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಅಲ್ಬುಮಿನ್ ಕೊಡ್ತಾರೆ. 20% ಅಲ್ಬುಮಿನ್‌ನ 100 ಮಿ.ಲೀ. ಬಾಟಲಿಯಲ್ಲಿ 20 ಗ್ರಾಂ ಇರುತ್ತೆ, ಆರು ಲೀಟರ್ ತೆಗೆದ್ರೆ ಎರಡರಿಂದ ಎರಡೂವರೆ ಬಾಟಲಿ. ಇದನ್ನ ಉಳಿಸೋಕೆ ಹೋದ್ರೆ ಬಿಪಿ ಬಿದ್ದು ಕಿಡ್ನಿ ಕೂರುತ್ತೆ.

ಕೆರೆಏರಿ:
ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳೋ ಬದಲು ಪೈಪ್ ಹಾಕಿ ಬಿಟ್ರೆ ಆಗಲ್ವಾ ಮೇಡಂ? ತಾನೇ ಇಳೀತಾ ಇರುತ್ತೆ.

ತುಂಗಾದಂಡೆ:
ಈ ಎಳೆ ಶುರು ಮಾಡಿದ್ದೇ ಇದಕ್ಕೆ. ಕೀವು ತುಂಬಿದಾಗ, ಏಟಿನಿಂದ ರಕ್ತ ತುಂಬಿದಾಗ ಎದೆಗೆ ಪೈಪ್ ಹಾಕ್ತಾರೆ, ಖಾಲಿ ಆದ ಮೇಲೆ ತೆಗೀತಾರೆ. ಇಲ್ಲಿ ಖಾಲಿ ಆಗೋದೇ ಇಲ್ಲ. ಮಾಡಿನ ಹಂಚು ಒಡೆದಿರುವಾಗ ಕೆಳಗಿನ ಬಕೆಟ್ ಎಷ್ಟು ಸಲ ಚೆಲ್ಲಿದ್ರೂ ತುಂಬೋ ಹಾಗೆ, ಹೊಟ್ಟೆಯಿಂದ ಬರ್ತಾನೇ ಇರುತ್ತೆ. ದಿನಕ್ಕೆ ಲೀಟರ್‌ಗಟ್ಟಲೆ ಹೋಗ್ತಾ ಅದರ ಜೊತೆ ಪ್ರೋಟೀನ್, ಸೋಡಿಯಂ, ರೋಗನಿರೋಧಕ ಅಂಶ ಎಲ್ಲ ಹೋಗುತ್ತೆ. ಕಿಡ್ನಿ ಸೋತಿದ್ದನ್ನ ತೋರಿಸೋ ಕ್ರಿಯಾಟಿನಿನ್ ಏರುತ್ತೆ, ಪೈಪ್ ಜಾಗದಿಂದ ಸೋಂಕು ಒಳಗೆ ಹೋಗುತ್ತೆ. ತೆಗೆಯೋಣ ಅಂದ್ರೆ ತೂತಿನಿಂದ ನೀರು ಸೋರೋದು ನಿಲ್ಲಲ್ಲ. ಪೈಪ್ ಹಾಕೋದು ಸುಲಭ, ತೆಗೆಯೋದು ಕಷ್ಟ ಅನ್ನೋ ಮಾತು ಇಲ್ಲಿ ಅಕ್ಷರಶಃ ನಿಜ. ನಿಜವಾದ ಕೀವಿದ್ರೆ ಮಾತ್ರ ಬೇರೆ ಲೆಕ್ಕ.

ಚರ್ಮದಡಿ ಸುರಂಗ ಮಾಡಿ ಹಾಕೋ ತೆಳು ಕ್ಯಾತಿಟರ್ ಅಂತ ಒಂದಿದೆ. ಲಿವರ್ ಕಸಿಗೂ ಟಿಪ್ಸ್ ಅನ್ನೋ ಸ್ಟೆಂಟ್ ಚಿಕಿತ್ಸೆಗೂ (ಮುಂದೆ ಹೇಳ್ತೀನಿ) ದಾರಿ ಇಲ್ಲ, ಆಸ್ಪತ್ರೆಗೆ ಅಲೆಸೋದು ಬೇಡ ಅನ್ನೋ ಹಂತದಲ್ಲಿ ಅದನ್ನ ಯೋಚಿಸ್ತಾರೆ. ಸೋಂಕಿನ ಭಯ ಅದಕ್ಕೂ ಇದೆ.

ಲ್ಯಾಬ್_ಕಿಟಕಿ:
ಸೋಂಕು ಅಂದಿದ್ದಕ್ಕೆ ಸೇರಿಸ್ತೀನಿ. ಪೈಪ್ ಹಾಕದೇನೇ ಈ ನೀರಿಗೆ ಸೋಂಕು ತಗಲಬಹುದು. ನೀರಿನಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ 250ರ ಮೇಲಿದ್ದು ಕಲ್ಚರಲ್ಲೂ ಬೆಳೆದ್ರೆ ಸೋಂಕು. ಕಲ್ಚರಲ್ಲಿ ಏನೂ ಬೆಳೀದಿದ್ರೆ 500ರ ಮೇಲಿರಬೇಕು. ಎಕ್ಸ್‌ರೇಲಿ ನ್ಯುಮೋನಿಯಾ ಇರಬಾರದು. ವರದೀಲಿ ಒಟ್ಟು ಕಣ 1200, ನ್ಯೂಟ್ರೋಫಿಲ್ 60% ಅಂತಿದ್ರೆ 720 ಅಂತ ನೀವೇ ಗುಣಿಸಿಕೊಳ್ಳಿ, ಎಷ್ಟೋ ವರದೀಲಿ ಆ ಗುಣಾಕಾರ ಬರೆದಿರಲ್ಲ.

ವಾರ್ಡ್_4:
ಈ ಸೋಂಕಿನ ಹೆಸರಲ್ಲಿ ಎಂಪೈಮಾ (ಎದೆಯಲ್ಲಿ ಕೀವು) ಅಂತಿದ್ರೂ ಅದಕ್ಕೂ ಪೈಪ್ ಬೇಡ. ಸೆಫೊಟಾಕ್ಸಿಮ್ ಅಥವಾ ಸೆಫ್ಟ್ರಿಯಾಕ್ಸೋನ್ ತರದ ಆ್ಯಂಟಿಬಯೋಟಿಕ್ ನರಕ್ಕೆ ಕೊಡ್ತಾರೆ, ಕಿಡ್ನಿ ಕಾಯೋಕೆ ಅಲ್ಬುಮಿನ್ ಜೊತೆಗೆ. ಜ್ವರ ಬರಲೇಬೇಕು ಅಂತಿಲ್ಲ. ಇದ್ದಕ್ಕಿದ್ದ ಹಾಗೆ ಮಂಕಾಗೋದು, ಮಾತು ತೊದಲೋದು, ಮೂತ್ರ ಕಡಿಮೆ ಆಗೋದು, ದಮ್ಮು ಹೆಚ್ಚಾಗೋದು, ಇಷ್ಟರಲ್ಲಿ ಒಂದು ಕಂಡ್ರೂ ಬೆಳಗಾಗಲಿ ನೋಡೋಣ ಅನ್ನಬೇಡಿ.

ಮಿಡಿಮಾವು:
ಈಗ ಅಡುಗೆಮನೆಗೆ ಬನ್ನಿ. ಮಲೆನಾಡಿನ ಊಟದಲ್ಲಿ ಉಪ್ಪು ಅಡಗಿ ಕೂತಿರೋ ಜಾಗಗಳು ನೀವು ಅಂದುಕೊಂಡಲ್ಲಿ ಇರಲ್ಲ.

ದಿನಕ್ಕೆ ಸೋಡಿಯಂ 2 ಗ್ರಾಂ ಅಂತಾರೆ. ಸೋಡಿಯಂ ಅಂದ್ರೆ ಉಪ್ಪಲ್ಲ, ಉಪ್ಪಿನ ಲೆಕ್ಕದಲ್ಲಿ ಅದು ಸುಮಾರು 5 ಗ್ರಾಂ, ಸಪಾಟಾಗಿ ಒಂದು ಟೀ ಚಮಚ. ಹಾಲು, ಸೊಪ್ಪು, ಮೊಟ್ಟೆಯಲ್ಲೂ ಸ್ವಲ್ಪ ಇರೋದ್ರಿಂದ ಮೇಲಿಂದ ಹಾಕೋದು ಮುಕ್ಕಾಲು ಚಮಚ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಒಂದು ಪುಟ್ಟ ಡಬ್ಬಿಗೆ ಅಷ್ಟನ್ನ ಅಳೆದು ಹಾಕಿ. ಅಡುಗೆ ಎಲ್ಲರಿಗೂ ಸಪ್ಪೆಯಾಗೇ ಮಾಡಿ, ರೋಗಿಗೆ ಅವರ ಡಬ್ಬಿಯಿಂದ, ಉಳಿದವರಿಗೆ ಬೇರೆ. ಡಬ್ಬಿ ಖಾಲಿ ಆದ್ರೆ ಆ ದಿನದ ಉಪ್ಪು ಮುಗೀತು. ಇದಕ್ಕಿಂತ ಸುಲಭದ ಅಳತೆ ಇನ್ನೊಂದಿಲ್ಲ.

ಡಬ್ಬಿಗೆ ಸಿಗದೆ ತಪ್ಪಿಸಿಕೊಳ್ಳೋವು ಬೇರೆ ಇವೆ. ಅಪ್ಪೆಮಿಡಿ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೆ ಇರೋದೇ ಉಪ್ಪಿನಿಂದ. ಮಿಡಿ ಬೇಡ, ರಸ ಮಾತ್ರ ನೆಂಚಿಕೊಳ್ತೀನಿ ಅನ್ನೋರು ಉಪ್ಪನ್ನೇ ನೆಂಚಿಕೊಳ್ತಿದಾರೆ. ಮಳೆಗಾಲಕ್ಕೆ ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ, ಉಪ್ಪುನೀರಿನ ಕಳಲೆ, ಬಾಳಕದ ಮೆಣಸು, ಹಪ್ಪಳ, ಸಂಡಿಗೆ, ಒಣಮೀನು, ಒಣಸೀಗಡಿ ಎಲ್ಲ ಅದೇ ಸಾಲು. ಸೊಳೆಯನ್ನ ರಾತ್ರಿ ನೆನೆಸಿ ಎರಡು ಸಲ ನೀರು ಚೆಲ್ಲಿದ್ರೂ ಉಪ್ಪು ಪೂರ್ತಿ ಬಿಡಲ್ಲ. ಬೇಕರಿ ಬನ್ನು, ಖಾರದ ಬಿಸ್ಕೆಟಲ್ಲಿ ಉಪ್ಪಿನ ಜೊತೆ ಸೋಡಾ. ಹೊಟ್ಟೆ ಉಬ್ಬರ ಅಂತ ಈನೋ ಕುಡಿಯೋದು, ಸುಸ್ತು ಅಂತ ಓಆರ್‌ಎಸ್ ಕುಡಿಯೋದು, ನೀರಲ್ಲಿ ಕರಗಿಸೋ ಬುರುಗು ಮಾತ್ರೆ, ಇವುಗಳಲ್ಲೂ ಸೋಡಿಯಂ.

ನಾಲಿಗೆಗೆ ಏನಾದ್ರೂ ಬೇಕಲ್ಲ. ಹುಳಿ ಮತ್ತು ಖಾರ ಇದೆ. ವಾಟೆಹುಳಿ, ನಿಂಬೆ, ಉಪ್ಪು ಹಾಕದೆ ಒಣಗಿಸಿದ ಮುರುಗಲು, ಕಾಳುಮೆಣಸು, ಸೂಜಿಮೆಣಸು, ಜೀರಿಗೆ ಒಗ್ಗರಣೆ. ಒಂದೆಲಗದ ತಂಬುಳಿಗೆ ಚಿಟಿಕೆ ಉಪ್ಪು ಸಾಕು, ಕಾಳುಮೆಣಸು ಮುಂದೆ ಮಾಡಿ. ಅಕ್ಕಿರೊಟ್ಟಿ, ಕಡುಬಿನ ಹಿಟ್ಟಿಗೆ ಉಪ್ಪೇ ಬೇಡ, ಪಲ್ಯದಲ್ಲಿ ಇರುತ್ತಲ್ಲ.

ಅಂಗಡಿಯಲ್ಲಿ ಸಿಗೋ 'ಸೋಡಿಯಂ ಕಡಿಮೆ ಇರೋ ಉಪ್ಪು' ಮಾತ್ರ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತೆ. ಸ್ಪೈರೊನೊಲ್ಯಾಕ್ಟೋನ್ ಅನ್ನೋ ನೀರಿನ ಮಾತ್ರೆ ಪೊಟ್ಯಾಸಿಯಂ ಹೊರಹೋಗದಂತೆ ತಡೆಯುತ್ತೆ. ಎರಡೂ ಸೇರಿದ್ರೆ ಹೃದಯದ ಬಡಿತ ತಪ್ಪಬಹುದು. ದಿನಾ ಎಳನೀರು ಕುಡಿಯೋರೂ ಇದನ್ನ ಡಾಕ್ಟರಿಗೆ ಹೇಳಿ.

ಭದ್ರಾಚಾನೆಲ್:
ಇಷ್ಟೆಲ್ಲ ಬಿಟ್ರೆ ತಿನ್ನೋದೇ ಕಮ್ಮಿ ಆಗಲ್ವಾ ಅಕ್ಕ? ಪಥ್ಯ ಅಂತ ಬರೀ ಗಂಜಿ ಕೊಡೋರಿದಾರೆ. ಬೇಳೆ, ಮೊಟ್ಟೆ ಲಿವರಿಗೆ ಭಾರ ಅಂತಾರೆ.

ಮಿಡಿಮಾವು:
ಅದೇ ದೊಡ್ಡ ತಪ್ಪು ಮಾರಾಯ್ರೆ. ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ರೆ ದಿನಕ್ಕೆ 72ರಿಂದ 90 ಗ್ರಾಂ. ತೂಕ ಅಂದ್ರೆ ನೀರು ಕಳೆದ ತೂಕ. ಬರೀ ಗಂಜಿಯಿಂದ ಅದು ಆಗದ ಮಾತು. ಬೇಳೆ, ಹೆಸರುಕಾಳು, ಮೊಸರು, ಮೊಟ್ಟೆಯ ಬಿಳಿ, ತಾಜಾ ಹೊಳೆಮೀನು ಎಲ್ಲ ಬೇಕು. ತೋಳು ಸಣ್ಣ, ಹೊಟ್ಟೆ ದಪ್ಪ ಕಾಣೋದು ಮಾಂಸಖಂಡ ಕರಗಿದ ಗುರುತು. ರಾತ್ರಿ ಮಲಗೋ ಮುಂಚೆ ಒಂದು ಸಣ್ಣ ತಿಂಡಿ ಕೊಡಿ, ಹಾಲು ಅವಲಕ್ಕಿ ಆದ್ರೂ ಸರಿ. ಗಟ್ಟಿ ಲಿವರ್ ರಾತ್ರಿಯ ಉಪವಾಸಕ್ಕೆ ಬೇಕಾದ ಸಕ್ಕರೆ ಕೂಡಿಡಲ್ಲ, ದೇಹ ಸ್ನಾಯುವನ್ನೇ ತಿನ್ನೋಕೆ ಶುರು ಮಾಡುತ್ತೆ.

ನೀರು ಕುಡಿಯೋದನ್ನ ಎಲ್ಲರೂ ಕಡಿಮೆ ಮಾಡೋದಲ್ಲ. ರಕ್ತದ ಸೋಡಿಯಂ 125ಕ್ಕಿಂತ ಕೆಳಗಿಳಿದವರಿಗೆ ಡಾಕ್ಟರ್ ಹೇಳ್ತಾರೆ.

ತುಂಗಾದಂಡೆ:
ನೀರಿನ ಮಾತ್ರೆ ವಿಷಯ. ಸಾಮಾನ್ಯವಾಗಿ ಸ್ಪೈರೊನೊಲ್ಯಾಕ್ಟೋನ್ 100 ಮಿ.ಗ್ರಾಂ., ಫ್ಯೂರೊಸೆಮೈಡ್ 40 ಮಿ.ಗ್ರಾಂ., ಬೆಳಿಗ್ಗೆ. ಲ್ಯಾಸಿಲಾಕ್ಟೋನ್ 50 ಅಂತ ಬರೋ ಮಾತ್ರೆಯಲ್ಲಿ 50 ಮತ್ತು 20 ಸೇರಿರುತ್ತೆ. ಏರಿಸೋದಿದ್ರೆ ಅದೇ 100:40 ಪ್ರಮಾಣದಲ್ಲಿ, ಕನಿಷ್ಠ ಮೂರು ದಿನ ಬಿಟ್ಟು, 400:160ರ ತನಕ. ನಿನ್ನೆ ಕೊಟ್ಟ ಮಾತ್ರೆ ಇವತ್ತು ಕೆಲಸ ಮಾಡಿಲ್ಲ ಅಂತ ಫೋನ್ ಮಾಡಬೇಡಿ, ಸ್ಪೈರೊನೊಲ್ಯಾಕ್ಟೋನ್‌ಗೆ ಮೂರು ದಿನದ ಮೇಲೇ ಕೈ ಬರೋದು.

ದಿನಾ ಬೆಳಿಗ್ಗೆ, ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಕಾಲಲ್ಲಿ ಬಾವು ಇಲ್ಲದಿದ್ರೆ ದಿನಕ್ಕೆ ಅರ್ಧ ಕಿಲೋ, ಬಾವಿದ್ರೆ ಒಂದು ಕಿಲೋ ಇಳಿದ್ರೆ ಸಾಕು. ಅದಕ್ಕಿಂತ ವೇಗವಾಗಿ ಇಳಿದ್ರೆ ಸಂತೋಷ ಪಡೋದಲ್ಲ, ಕಿಡ್ನಿ ಒಣಗ್ತಿದೆ. ಕ್ರಿಯಾಟಿನಿನ್ ಏರಿದ್ರೆ, ಸೋಡಿಯಂ 125ರ ಕೆಳಗೆ ಹೋದ್ರೆ, ಮಂಪರು ಬಂದ್ರೆ ಮಾತ್ರೆ ನಿಲ್ಲಿಸೋದಿರುತ್ತೆ. ಗಂಡಸರಿಗೆ ಎದೆ ಉಬ್ಬಿ ನೋವು ಬಂದ್ರೆ ಸ್ಪೈರೊನೊಲ್ಯಾಕ್ಟೋನ್ ಬದಲು ಅಮಿಲೊರೈಡ್ ಕೊಡಬಹುದು. ನಾಚಿಕೊಂಡು ಸುಮ್ಮನೆ ಮಾತ್ರೆ ಬಿಟ್ಟುಬಿಡೋರು ಬಹಳ.

ಲ್ಯಾಬ್_ಕಿಟಕಿ:
ಉಪ್ಪಿನಕಾಯಿ ಕಳ್ಳರನ್ನ ಹಿಡಿಯೋ ಪರೀಕ್ಷೆ ಒಂದಿದೆ. ಒಂದೇ ಸಲದ ಮೂತ್ರದಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡೂ ನೋಡಿ. ಸೋಡಿಯಂ ಸಂಖ್ಯೆ ಪೊಟ್ಯಾಸಿಯಂಗಿಂತ ಹೆಚ್ಚಿದ್ರೆ ಮಾತ್ರೆ ಕೆಲಸ ಮಾಡ್ತಿದೆ ಅಂತ. ಹಂಗಿದ್ದೂ ತೂಕ ಇಳೀತಿಲ್ಲ ಅಂದ್ರೆ ಉಪ್ಪು ಎಲ್ಲಿಂದಲೋ ಬರ್ತಿದೆ. ಸೋಡಿಯಂ ಕಡಿಮೆ ಇದ್ರೆ ಮಾತ್ರೆಯ ಪ್ರಮಾಣ ಸಾಲ್ತಿಲ್ಲ. ಬೆಲೆಯೂ ಹೆಚ್ಚಲ್ಲ, ಆದ್ರೂ ಬರೆಸೋರು ಕಮ್ಮಿ.

ಕೆರೆಏರಿ:
ಕೈಕಾಲು ನೋವಿಗೆ ಮೆಡಿಕಲ್ ಶಾಪಿಂದ ಮಾತ್ರೆ ತಗೋಬಹುದಾ? ಕಷಾಯ?

ವಾರ್ಡ್_4:
ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದವು ಖಂಡಿತ ಬೇಡ. ಕಿಡ್ನಿಗೆ ರಕ್ತ ಕಡಿಮೆ ಆಗಿ ನೀರಿನ ಮಾತ್ರೆಯ ಕೆಲಸವೇ ನಿಂತುಹೋಗುತ್ತೆ. ಪ್ಯಾರಾಸಿಟಮಾಲ್ ದಿನಕ್ಕೆ ಒಟ್ಟು 2 ಗ್ರಾಂ ಮೀರದಂತೆ ಪರವಾಗಿಲ್ಲ. ಬಿಪಿಗೆ ಹಳೇ ಚೀಟಿಯ ಟೆಲ್ಮಿಸಾರ್ಟಾನ್, ಎನಾಲಾಪ್ರಿಲ್ ತರದವು ನಡೀತಿದ್ರೆ ಡಾಕ್ಟರಿಗೆ ತೋರಿಸಿ, ಹೊಟ್ಟೆ ನೀರು ಬಂದ ಮೇಲೆ ಅವನ್ನ ನಿಲ್ಲಿಸ್ತಾರೆ.

ಜೀರಿಗೆ, ಕೊತ್ತಂಬರಿ ಕಷಾಯಕ್ಕೆ ಅಡ್ಡಿ ಇಲ್ಲ. ಲಿವರ್ ಶುದ್ಧಿಗೆ ಅಂತ ಕೊಡೋ ಹೆಸರಿಲ್ಲದ ಪುಡಿ, ಬೇರು ಬೇಡ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಲಿವರಿಗೆ ಪೆಟ್ಟು ಬಿದ್ದದ್ದನ್ನ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ರು. ಬೇಲಿ ಮೇಲೆ ಬೆಳೆಯೋ ಬಳ್ಳಿ ಎಂತ ಮಾಡೀತು ಅನ್ನೋ ಸಲಿಗೆ ಬೇಡ.

ಭದ್ರಾಚಾನೆಲ್:
ಮಾತ್ರೆ, ಪಥ್ಯ ಎಲ್ಲ ಸರಿ ಇದ್ದೂ ಹದಿನೈದು ದಿನಕ್ಕೊಮ್ಮೆ ತುಂಬ್ತಿದ್ರೆ?

ತುಂಗಾದಂಡೆ:
ಆಗ ಶಿವಮೊಗ್ಗದಲ್ಲೇ ಟ್ಯಾಪಿಂಗ್ ಮಾಡಿಸ್ತಾ ಕಾಲ ಕಳೆಯೋದಲ್ಲ, ಲಿವರ್ ತಜ್ಞರಿರೋ ಕಡೆ, ಮಣಿಪಾಲಕ್ಕೋ ಬೆಂಗಳೂರಿಗೋ, ಒಮ್ಮೆ ಹೋಗಿಬರಬೇಕು.

ಟಿಪ್ಸ್ ಅಂದ್ರೆ ಕುತ್ತಿಗೆಯ ರಕ್ತನಾಳದಿಂದ ಇಳಿದು ಲಿವರಿನೊಳಗೇ ಪೋರ್ಟಲ್ ನಾಳಕ್ಕೂ ಲಿವರಿನ ಹೊರನಾಳಕ್ಕೂ ನಡುವೆ ಸ್ಟೆಂಟ್ ಕೂರಿಸೋದು. ಒತ್ತಡ ಇಳಿಯುತ್ತೆ, ನೀರು ಒಸರೋದು ತಗ್ಗುತ್ತೆ. ಹತ್ತರಲ್ಲಿ ಏಳು ಜನಕ್ಕೆ ಅನುಕೂಲ ಆಗುತ್ತೆ. ಆದ್ರೆ ಲಿವರಿನಲ್ಲಿ ಶೋಧಿಸದ ರಕ್ತ ನೇರ ಮೆದುಳಿಗೆ ಹೋಗೋದ್ರಿಂದ ಸುಮಾರು ಮೂರರಲ್ಲಿ ಒಬ್ಬರಿಗೆ ಮಂಪರು, ಗೊಂದಲ. ಬಿಲಿರುಬಿನ್ (ಕಾಮಾಲೆಯ ಅಳತೆ) 3ರ ಮೇಲೆ ಹೋದವರಿಗೆ, ಹೃದಯ ದುರ್ಬಲ ಇರೋರಿಗೆ, ಮೊದಲೇ ಮಂಪರಿರೋರಿಗೆ ಹಿಂಜರಿಯುತ್ತಾರೆ. ವಪೆಯ ತೂತು ಹೊಲಿಯೋದು, ಶ್ವಾಸಕೋಶದ ಪೊರೆ ಅಂಟಿಸೋದು ಇವೆ, ನೀರಿನ ಹರಿವು ನಿಲ್ಲದಿದ್ರೆ ಅಂಟು ಹಿಡಿಯಲ್ಲ.

ಮೂಲಕ್ಕೆ ಕೈಹಾಕೋದು ಕಸಿ. ಮೆಲ್ಡ್ (ಲಿವರ್ ಕಾಯಿಲೆಯ ತೀವ್ರತೆ ಅಳೆಯೋ ಅಂಕ) ಕಡಿಮೆ ಇದೆ, ಇನ್ನೂ ಟೈಮಿದೆ ಅಂತ ಕಾಯಬೇಡಿ. ಆ ಅಂಕ ಬಿಲಿರುಬಿನ್, ಐಎನ್‌ಆರ್, ಕ್ರಿಯಾಟಿನಿನ್, ಸೋಡಿಯಂ ಲೆಕ್ಕ ಹಾಕುತ್ತೆ, ಎದೆಯ ನೀರನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಕರ್ನಾಟಕದಲ್ಲಿ ಮೆದುಳು ನಿಷ್ಕ್ರಿಯರಾದವರ ಅಂಗಗಳ ಹಂಚಿಕೆ ಜೀವಸಾರ್ಥಕತೆ ಅನ್ನೋ ರಾಜ್ಯ ಸಂಸ್ಥೆಯ ಮೂಲಕ, ನೋಂದಣಿ ಮಾಡಿಸೋದು ಕಸಿ ಆಸ್ಪತ್ರೆ. ಬಿಪಿಎಲ್ ಕಾರ್ಡಿದ್ರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ, ಯಾವ ಚಿಕಿತ್ಸೆ ಸೇರುತ್ತೆ ಅಂತ ಆಸ್ಪತ್ರೆಯಲ್ಲಿರೋ ಆರೋಗ್ಯಮಿತ್ರರ (ಯೋಜನೆಯ ಸಹಾಯಕರು) ಹತ್ರ ಮೊದಲೇ ಕೇಳಿ.

ಕಾರಣ ಹೆಪಟೈಟಿಸ್ ಬಿ ಅಥವಾ ಸಿ ಆಗಿದ್ರೆ 2018ರಿಂದ ನಡೆಯುತ್ತಿರೋ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಔಷಧಿ ಉಚಿತ. ಕುಡಿತ ಆಗಿದ್ರೆ ಪೂರ್ತಿ ಬಿಡೋದು, 'ಹಬ್ಬಕ್ಕೆ ಸ್ವಲ್ಪ' ಇಲ್ಲ. ಬಿಟ್ಟ ಕೆಲವು ತಿಂಗಳಲ್ಲಿ ನೀರು ತುಂಬೋದೇ ನಿಲ್ಲೋದುಂಟು.

ಕೆರೆಏರಿ:
ನೀರು ತೆಗೆದ ಮೇಲೂ ದಮ್ಮು ಕಡಿಮೆ ಆಗದಿದ್ರೆ?

ವಾರ್ಡ್_4:
ಬೆರಳಿಗೆ ಹಾಕೋ ಆಕ್ಸಿಮೀಟರಲ್ಲಿ ಮಲಗಿದಾಗ ಒಮ್ಮೆ, ಕೂತು ಐದು ನಿಮಿಷ ಬಿಟ್ಟು ಒಮ್ಮೆ ನೋಡಿ. ದಮ್ಮಿರೋ ಹೆಚ್ಚಿನವರಿಗೆ ಮಲಗಿದ್ರೆ ಕಷ್ಟ, ಕೂತ್ರೆ ಆರಾಮ. ಕೂತಾಗಲೇ ಆಮ್ಲಜನಕ ಇಳಿದು ಮಲಗಿದಾಗ ಏರಿದ್ರೆ ಅದು ಲಿವರಿನಿಂದ ಶ್ವಾಸಕೋಶದ ರಕ್ತನಾಳಗಳು ಹಿಗ್ಗಿರೋ ಲಕ್ಷಣ, ಬೇರೆಯೇ ಕಾಯಿಲೆ. ಬಬಲ್ ಎಕೋ (ನರಕ್ಕೆ ಸಣ್ಣ ಗುಳ್ಳೆ ಬಿಟ್ಟು ಮಾಡೋ ಹೃದಯದ ಸ್ಕ್ಯಾನ್) ಮಾಡಿ ನೋಡ್ತಾರೆ.

ಭದ್ರಾಚಾನೆಲ್:
ಕೊನೇದು. ತೀರ್ಥಹಳ್ಳಿ ಕಡೆಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗೋರು ಟ್ಯಾಪಿಂಗ್ ಮಾಡಿಸಿಕೊಂಡೇ ಹೊರಡಬೇಕಾ?

ವಾರ್ಡ್_4:
ಕೂತಲ್ಲೇ ಏದುಸಿರಿದ್ರೆ ಹೌದು, ಇಲ್ಲೇ ಒಂದು ಲೀಟರ್ ತೆಗೆಸಿ, ಕೆಲವು ಗಂಟೆ ನೋಡಿಕೊಂಡು ಹೊರಡಿ. ಚುಚ್ಚಿದ ಕಡೆ ಗಾಳಿ ಸೋರಿದ್ರೆ ದಾರಿಯಲ್ಲಿ ಗೊತ್ತಾಗೋದಕ್ಕಿಂತ ವಾರ್ಡಲ್ಲೇ ಗೊತ್ತಾಗಲಿ. ಸೀಟು ಹಿಂದಕ್ಕೆ ಪೂರ್ತಿ ಮಲಗಿಸಬೇಡಿ. ತೆಗೆದ ನೀರಿನ ವರದಿ, ಅದೇ ದಿನದ ರಕ್ತದ ವರದಿ, ತೂಕ ಬರೆದ ಚೀಟಿ ಮೂರೂ ಒಂದೇ ಕವರಲ್ಲಿಡಿ. ಮಳೆಗಾಲದಲ್ಲಿ ಘಾಟಿ ತೆರೆದಿದೆಯಾ ಅಂತ ಹಿಂದಿನ ರಾತ್ರಿಯೇ ವಿಚಾರಿಸಿ.